ಹಸಿ ಹಾಲು, ಹಿಡಿದ ಸೊಂಟ



ಕಂದು ಹಾಕಿದ ಎಮ್ಮೆಯ ಮಾಸನ್ನು ಬರಿಗೈಯಲ್ಲಿ ತೆಗೆಯುವವರು ನಾವು. ಹಸಿ ಹಾಲು ಕುಡಿಯುವವರೂ ನಾವೇ. 1887ರಲ್ಲಿ ಮಾಲ್ಟಾದಲ್ಲಿ ಡೇವಿಡ್ ಬ್ರೂಸ್ ಕಂಡುಹಿಡಿದ ಬ್ರೂಸೆಲ್ಲಾ ಜೀವಾಣುವಿಗೆ ಈ ಎರಡೂ ದಾರಿಗಳೇ.

ಮೊದಲು ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು. ಆಮೇಲೆ ಸೊಂಟದ ಕೀಲು, ಬೆನ್ನುಮೂಳೆ, ಮೊಣಕಾಲು ಹಿಡಿಯುತ್ತವೆ. ದುಡಿತದ ನೋವೆಂದು ನಾವು ಎಣ್ಣೆ ತಿಕ್ಕುತ್ತೇವೆ. ಬೆನ್ನಿನ ಕ್ಷಯವೆಂದು ವೈದ್ಯರೂ ಮೋಸಹೋಗುವುದುಂಟು. ರಕ್ತಪರೀಕ್ಷೆ ಮಾಡಿಸಬೇಕು. ಔಷಧಿಗಳನ್ನು ಕೂಡಿಸಿ ಕನಿಷ್ಠ 6 ವಾರ, ಬೆನ್ನುಮೂಳೆಗೆ ತಗಲಿದ್ದರೆ ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳಬೇಕು. ಕೂಲಿ ತಪ್ಪೀತೆಂದು ನಡುವೆ ಬಿಟ್ಟರೆ ರೋಗ ಮರಳೀತು.

ಹಾಲು ಕಾಯಿಸಿಯೇ ಕುಡಿಯೋಣ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕುವ ಯೋಜನೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿತು. ಯೋಜನೆ ಕಾಗದದಲ್ಲಿದ್ದರೆ ಸಾಲದು. ಲಸಿಕೆ ಕೊಟ್ಟಿಗೆಗೆ, ರಕ್ತಪರೀಕ್ಷೆ ತಾಲ್ಲೂಕು ಆಸ್ಪತ್ರೆಗೆ ಬರಲೆಂದು ಒಟ್ಟಾಗಿ ಕೇಳೋಣ. ದುಡಿಯುವವನಿಗೆ ಸೊಂಟವೇ ಆಸ್ತಿ.