ಜಪಾನಿನಲ್ಲಿ ಅಕ್ಷರ ಕಲಿತ ಮೇಷ್ಟ್ರು

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸೇವೆಯಲ್ಲಿರುವ ವಿದೇಶಿ ಶಿಕ್ಷಕರಿಗೆ ಜಪಾನ್ ಸರ್ಕಾರ ಒಂದೂವರೆ ವರ್ಷದ ತರಬೇತಿ ವಿದ್ಯಾರ್ಥಿವೇತನ ಕೊಡುತ್ತದೆ. ಆ ಯೋಜನೆಯಲ್ಲಿ ನಾನು 2022ರ ಅಕ್ಟೋಬರ್‌ನಿಂದ 2024ರ ಮಾರ್ಚ್‌ವರೆಗೆ ಪಶ್ಚಿಮ ಜಪಾನಿನ ಒಂದು ಪಟ್ಟಣದಲ್ಲಿದ್ದೆ. ಊರಿಗೆ ಬಂದ ಮೇಲೆ ಎಲ್ಲರೂ ಕೇಳುವುದು ಬುಲೆಟ್ ರೈಲಿನ ಬಗ್ಗೆ. ಆದರೆ "ಅಲ್ಲಿನ ದಿನನಿತ್ಯದ ಬದುಕಿನ ಬಗ್ಗೆ ಮಾತಾಡಿ" ಎಂದು ನಮ್ಮ ಕಾರ್ಯದರ್ಶಿಗಳು ಹೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ಶಾಂಪೂ ಬಾಟಲಿ.

ಹೋದ ಎರಡನೇ ದಿನ ಅಂಗಡಿಗೆ ಹೋದೆ. ಒಂದೇ ಬಣ್ಣದ, ಒಂದೇ ಆಕಾರದ ಎರಡು ಬಾಟಲಿಗಳು ಅಕ್ಕಪಕ್ಕ ಇದ್ದವು. ನಾನು ಉರ್ದು, ಕನ್ನಡ, ಹಿಂದಿ, ಇಂಗ್ಲಿಷ್ ಓದಬಲ್ಲವನು, ಬಿ.ಎಡ್. ಮಾಡಿದವನು. ಆದರೂ ಯಾವುದು ಏನೆಂದು ತಿಳಿಯದೆ ಒಂದನ್ನು ತಂದು ತಲೆಗೆ ಹಚ್ಚಿದೆ. ಎಷ್ಟು ತಿಕ್ಕಿದರೂ ನೊರೆ ಬರಲಿಲ್ಲ. ಅದು ಕಂಡೀಷನರ್! ಹಾಸ್ಟೆಲಿನ ಇಂಡೋನೇಷ್ಯಾದ ಗೆಳೆಯ ನಗುತ್ತಾ ತನ್ನ ಬಾಟಲಿಯನ್ನು ನನ್ನ ಕೈಗಿಟ್ಟು, "ಪಕ್ಕದಲ್ಲಿ ಸವರಿ ನೋಡು" ಎಂದ. ಸಾಲಾಗಿ ಸಣ್ಣ ಗೀರುಗಳಿದ್ದವು. ಶಾಂಪೂ ಬಾಟಲಿಗೆ ಮಾತ್ರ ಅವು ಇರುತ್ತವೆ. ದೃಷ್ಟಿಯಿಲ್ಲದವರು ಕೈಯಲ್ಲಿ ಮುಟ್ಟಿ ಗುರುತಿಸಲೆಂದು 1991ರಲ್ಲಿ ಕಾವೋ ಎಂಬ ಕಂಪನಿ ಇದನ್ನು ಆರಂಭಿಸಿತು, ಬೇರೆ ಕಂಪನಿಗಳೂ ಅನುಸರಿಸಿದವು. ಕಣ್ಣಿಲ್ಲದವರಿಗಾಗಿ ಮಾಡಿದ ಆ ಗೀರು, ಕಣ್ಣಿದ್ದೂ ಓದಲು ಬಾರದ ಈ ಮೇಷ್ಟ್ರ ಕೆಲಸಕ್ಕೆ ಬಂತು.

ಜಪಾನಿನವರು ಮೂರು ಬಗೆಯ ಲಿಪಿಗಳನ್ನು ಒಟ್ಟಿಗೆ ಬಳಸುತ್ತಾರೆ. ಹಿರಗಾನ ಮತ್ತು ಕತಕಾನದಲ್ಲಿ ತಲಾ 46 ಮೂಲಾಕ್ಷರಗಳು. ಅವುಗಳ ಕ್ರಮ ಕೇಳಿದರೆ ನಿಮಗೆ ಸಂತೋಷವಾಗುತ್ತದೆ. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಧರ್ಮದ ಜೊತೆಗೆ ಹೋದ ಸಂಸ್ಕೃತ ವರ್ಣಮಾಲೆಯ ಪ್ರಭಾವ ಅದು. ವಾಕ್ಯರಚನೆಯೂ ನಮ್ಮದರಂತೆಯೇ: ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ಪದದ ಹಿಂದೆ ವಿಭಕ್ತಿಯಂಥ ಪ್ರತ್ಯಯ. ಇಷ್ಟರಮಟ್ಟಿಗೆ ಕನ್ನಡ, ಉರ್ದು ಬಲ್ಲವರಿಗೆ ಅನುಕೂಲ. ಕಷ್ಟವಿರುವುದು ಚೀನಾದಿಂದ ಬಂದ ಕಾಂಜಿ ಚಿಹ್ನೆಗಳಲ್ಲಿ. ಸಾಮಾನ್ಯ ಬಳಕೆಗೆಂದು ಸರ್ಕಾರ ಗೊತ್ತುಪಡಿಸಿದ ಕಾಂಜಿಗಳೇ 2,136. ಒಂದನೇ ತರಗತಿಯ ಮಗು 80 ಕಲಿಯುತ್ತದೆ, ಆರನೇ ತರಗತಿ ಮುಗಿಯುವಷ್ಟರಲ್ಲಿ 1,026. ನಾನು ವೀಕ್ಷಣೆಗೆ ಹೋಗುತ್ತಿದ್ದ ಶಾಲೆಯಲ್ಲಿ ಮಕ್ಕಳು ನನ್ನನ್ನು 'ಸೆನ್ಸೆಯಿ' ಅಂದರೆ ಗುರುಗಳೇ ಎಂದು ಕರೆಯುತ್ತಿದ್ದರು. ಆದರೆ ಎರಡನೇ ತರಗತಿಯ ಹುಡುಗಿ ಸರಾಗವಾಗಿ ಓದುತ್ತಿದ್ದ ಸೂಚನಾ ಫಲಕ ಆ ಗುರುಗಳಿಗೆ ಓದಲು ಬರುತ್ತಿರಲಿಲ್ಲ. ನಾನು ಮೊದಲು ಕಲಿತ ಕಾಂಜಿಗಳು ಎರಡು: 'ಹಂದಿ' ಮತ್ತು 'ಮದ್ಯ'. ಬಿಸ್ಕತ್ತಿನಿಂದ ಸಾರಿನ ಪುಡಿಯವರೆಗೆ ಪ್ರತಿ ಪೊಟ್ಟಣವನ್ನೂ ತಿರುಗಿಸಿ ಈ ಎರಡು ಚಿಹ್ನೆಗಳನ್ನು ಹುಡುಕುತ್ತಿದ್ದೆ.

ಕಸದ ವಿಷಯ ಹೇಳದೆ ಜಪಾನಿನ ಮಾತು ಮುಗಿಯುವುದಿಲ್ಲ. ಸುಡುವ ಕಸ, ಸುಡದ ಕಸ, ಪ್ಲಾಸ್ಟಿಕ್, ಗಾಜು ಎಂದು ಬೇರೆ ಬೇರೆ ವಾರ. ನೀರಿನ ಬಾಟಲಿಯ ಮುಚ್ಚಳ ಮತ್ತು ಕಾಗದ ಕಿತ್ತು, ತೊಳೆದು ಇಡಬೇಕು. ಒಂದು ದಿನ ಬೀದಿಯ ಚೀಲಗಳೆಲ್ಲ ಹೋಗಿ ನನ್ನದೊಂದೇ ಕೆಂಪು ಚೀಟಿ ಅಂಟಿಸಿಕೊಂಡು ಉಳಿದಿತ್ತು. ಚೀಟಿಯಲ್ಲಿ ಏನು ಬರೆದಿದೆ? ಓದಲಾಗದು. ಪಕ್ಕದ ಮನೆಯ ಅಜ್ಜಿ ಬಂದರು. ಬೈಯಲಿಲ್ಲ. ಚೀಲ ಬಿಚ್ಚಿ, ಒಂದೊಂದೇ ವಸ್ತು ಎತ್ತಿ ತೋರಿಸಿ, ಬೆರಳಿನಲ್ಲಿ ವಾರ ಎಣಿಸಿ ಹೇಳಿಕೊಟ್ಟರು. ಮರುದಿನ ಸಂಜೆ ಚಿತ್ರ ಬರೆದ ಒಂದು ಹಾಳೆ ನನ್ನ ಬಾಗಿಲಿಗೆ ಸಿಕ್ಕಿಸಿತ್ತು.

ಎಲ್ಲರೂ ಆ ಅಜ್ಜಿಯಂತೆ ಇರಲಿಲ್ಲ, ಅದನ್ನೂ ಹೇಳಬೇಕು. ಹಾಸ್ಟೆಲ್ ಅವಧಿ ಮುಗಿದು ಈ ಬಾಡಿಗೆ ಮನೆ ಸಿಗುವ ಮುಂಚೆ, ದಲ್ಲಾಳಿ ನನ್ನೆದುರೇ ಒಬ್ಬ ಮಾಲೀಕರಿಗೆ ಫೋನ್ ಮಾಡಿದ್ದರು. ಸ್ವಲ್ಪ ಹೊತ್ತಿಗೆ ತಲೆ ಬಾಗಿಸಿ ಕ್ಷಮೆ ಕೇಳಿದರು. ಮಾಲೀಕರಿಗೆ ವಿದೇಶಿಯರು ಬೇಡವಂತೆ. 2017ರಲ್ಲಿ ಜಪಾನಿನ ನ್ಯಾಯ ಸಚಿವಾಲಯ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ್ದ ವಿದೇಶಿಯರಲ್ಲಿ ಶೇ. 39ರಷ್ಟು ಮಂದಿಗೆ ವಿದೇಶಿ ಎಂಬ ಕಾರಣಕ್ಕೇ ಮನೆ ನಿರಾಕರಿಸಲಾಗಿತ್ತು. ಮನೆ ಹುಡುಕುತ್ತಾ ಅಲೆಯುವ ಅನುಭವ ನಮ್ಮಲ್ಲಿ ಅನೇಕರಿಗೆ ಹೊಸದಲ್ಲ. ಆದ್ದರಿಂದ ಹೆಚ್ಚು ವಿವರಿಸುವುದಿಲ್ಲ.

ಈಗ ನನ್ನ ಮಾತಿನ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ವಿಳಾಸ ಬದಲಾದರೆ ಹದಿನಾಲ್ಕು ದಿನದೊಳಗೆ ನಗರಸಭೆ ಕಚೇರಿಯಲ್ಲಿ ನೋಂದಾಯಿಸಬೇಕು. ಮನೆ ಸಿಕ್ಕ ಮೇಲೆ ಆ ಕಚೇರಿಗೆ ಹೋದೆ. ಗುಮಾಸ್ತೆ ಒಂದು ಫಾರಂ ಕೊಟ್ಟರು. ನನ್ನ ಹಿಂದೆ ಜನ ನಿಂತಿದ್ದರು. ಫಾರಂ ಹಿಡಿದು ನಿಂತ ನನ್ನ ಬಾಯಿಂದ, ಆಗಷ್ಟೇ ಕಲಿತಿದ್ದ ಜಪಾನಿ ಭಾಷೆಯಲ್ಲಿ, ಒಂದು ಸುಳ್ಳು ಹೊರಟಿತು: "ಕನ್ನಡಕ ಮರೆತು ಬಂದೆ." ಕನ್ನಡಕ ನನ್ನ ಜೇಬಿನಲ್ಲೇ ಇತ್ತು.

ಆ ಕ್ಷಣ ನನಗೆ ನಮ್ಮ ಶಾಲೆಯ ಒಬ್ಬ ತಾಯಿಯ ನೆನಪಾಯಿತು. ಪೋಷಕರ ಸಭೆಯ ದಿನ ನಾನು ಸುತ್ತೋಲೆ ಕೊಟ್ಟಾಗ ಅವರು, "ಕನ್ನಡಕ ಮನೆಯಲ್ಲೇ ಉಳೀತು ಸಾಬ್, ನೀವೇ ಓದಿ ಹೇಳಿ" ಎಂದಿದ್ದರು. ಹಿಂದಿನ ಸಭೆಯಲ್ಲೂ ಅದೇ ಮಾತು ಹೇಳಿದ್ದರು. ನಾನು ಎಲ್ಲರೆದುರು, "ಅಮ್ಮಾ, ಮುಂದಿನ ಸಲವಾದರೂ ಕನ್ನಡಕ ತನ್ನಿ" ಎಂದುಬಿಟ್ಟಿದ್ದೆ. ನಾಲ್ಕು ಜನ ನಕ್ಕರು. ಅವರ ಮಗಳು ತಲೆ ತಗ್ಗಿಸಿದಳು. ಆ ತಾಯಿ ಆಮೇಲೆ ಸಭೆಗೆ ಬರಲೇ ಇಲ್ಲ. "ಮಗಳ ಓದಿನ ಬಗ್ಗೆ ಕಾಳಜಿಯಿಲ್ಲದವರು" ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿದ್ದೂ ಉಂಟು.

ಜಪಾನಿನ ಆ ಗುಮಾಸ್ತೆ ನನ್ನ ಕನ್ನಡಕದ ಬಗ್ಗೆ ಒಂದು ಮಾತೂ ಆಡಲಿಲ್ಲ. ಪಕ್ಕದ ಕುರ್ಚಿ ತೋರಿಸಿ, ಇನ್ನೊಂದು ಹಾಳೆ ತಂದರು. ಅದರಲ್ಲಿ ಚಿಕ್ಕ ಚಿಕ್ಕ ವಾಕ್ಯಗಳು, ಪ್ರತಿ ಕಾಂಜಿಯ ಮೇಲೂ ಸಣ್ಣ ಹಿರಗಾನ. ಇದಕ್ಕೆ 'ಯಾಸಾಶೀ ನಿಹೊಂಗೊ', ಅಂದರೆ ಸುಲಭ ಜಪಾನಿ ಎನ್ನುತ್ತಾರೆ. ಇದರ ಹಿಂದೆ ಒಂದು ದುರಂತವಿದೆ. 1995ರ ಜನವರಿ 17ರಂದು ಕೋಬೆ ಪ್ರದೇಶದ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಎಲ್ಲಿಗೆ ಹೋಗಬೇಕು, ನೀರು ಎಲ್ಲಿ ಸಿಗುತ್ತದೆ ಎಂಬ ಪ್ರಕಟಣೆಗಳು ಅನೇಕ ವಿದೇಶಿಯರಿಗೆ ಅರ್ಥವಾಗಿರಲಿಲ್ಲ. ಆ ಬಳಿಕ ಹಿರೊಸಾಕಿ ವಿಶ್ವವಿದ್ಯಾಲಯದ ಭಾಷಾತಜ್ಞರು ಈ ಸುಲಭ ಭಾಷೆಯನ್ನು ರೂಪಿಸಿದರು. 'ಹಿನಾನ್' ಎಂಬ ಕಚೇರಿ ಪದದ ಬದಲು 'ನಿಗೆತೆ', ಅಂದರೆ 'ಓಡಿ'. ನಮ್ಮಲ್ಲಿ 'ಸ್ಥಳಾಂತರಗೊಳ್ಳತಕ್ಕದ್ದು' ಎನ್ನುವ ಕಡೆ 'ಓಡಿ' ಎಂದಂತೆ. 2020ರಲ್ಲಿ ಸರ್ಕಾರವೇ ಇದಕ್ಕೆ ಮಾರ್ಗಸೂಚಿ ಹೊರಡಿಸಿತು.

2024ರ ಜನವರಿ 1ರಂದು ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನೋಟೊ ಪರ್ಯಾಯ ದ್ವೀಪದಲ್ಲಿ 7.6 ತೀವ್ರತೆಯ ಭೂಕಂಪವಾಯಿತು. ನಾನು ದೂರದ ನನ್ನ ಪಟ್ಟಣದಲ್ಲಿ ಟಿ.ವಿ. ಮುಂದಿದ್ದೆ. ಸದಾ ಮೆಲ್ಲಗೆ ಮಾತಾಡುವ ವಾರ್ತಾವಾಚಕಿ ಗಟ್ಟಿಯಾಗಿ ಕೂಗುತ್ತಿದ್ದರು. ಪರದೆಯ ಮೇಲೆ ದೊಡ್ಡದಾಗಿ, ಒಂದನೇ ತರಗತಿಯ ಮಗುವೂ ಓದಬಹುದಾದ ಹಿರಗಾನದಲ್ಲಿ ಅದೇ ಪದ: ನಿಗೆತೆ. ನಾನು ಓದಿದೆ! ಸಮುದ್ರದ ಪಕ್ಕದಲ್ಲಿರುವ ನನ್ನಂಥವನೂ ಅದನ್ನು ಓದಿ ಓಡಿರುತ್ತಾನಲ್ಲ ಎಂದುಕೊಂಡೆ.

ಜಪಾನಿನಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ. ಅಲ್ಲಿ ಕಡ್ಡಾಯ ಶಿಕ್ಷಣದ ಹೊಣೆ ಜಪಾನಿ ಪ್ರಜೆಗಳಿಗೆ ಮಾತ್ರ. ವಿದೇಶಿ ಮಕ್ಕಳನ್ನು ಬಂದರೆ ಸೇರಿಸಿಕೊಳ್ಳುತ್ತಾರೆ, ಬಾರದಿದ್ದರೆ ಕಾನೂನು ಕೇಳುವುದಿಲ್ಲ. ಅಂಥ ಸುಮಾರು 20 ಸಾವಿರ ಮಕ್ಕಳು ಶಾಲೆಯಿಂದ ಹೊರಗಿರಬಹುದು ಎಂದು 2019ರ ಸರ್ಕಾರಿ ಸಮೀಕ್ಷೆಯೇ ತಿಳಿಸಿತು. ಶಾಲೆಯಿಂದ ಬಂದ ಕಾಗದ ಓದಲಾಗದ ತಂದೆತಾಯಿ ಅಲ್ಲೂ ಇದ್ದಾರೆ.

ವಿದ್ಯಾರ್ಥಿಗಳೇ, ಊರಿಗೆ ಬಂದ ವಾರವೇ ನಾನು ಆ ತಾಯಿಯ ಮನೆಗೆ ಹೋದೆ. ಶಾಂಪೂ ಬಾಟಲಿಯ ಕಥೆ ಹೇಳಿದೆ, ಬಿದ್ದು ಬಿದ್ದು ನಕ್ಕರು. ನಗರಸಭೆ ಕಚೇರಿಯ ಕಥೆ ಹೇಳಿದಾಗ ನಗಲಿಲ್ಲ. "ನೀವೂ ಕನ್ನಡಕ ಅಂದಿರಾ ಸಾಬ್?" ಎಂದಷ್ಟೇ ಕೇಳಿ ಚಹಾ ತರಲು ಒಳಗೆ ಹೋದರು. ಮುಂದಿನ ಸಭೆಗೆ ಬಂದರು.

ಈಗ ನಮ್ಮ ಶಾಲೆಯ ಸುತ್ತೋಲೆ ಉರ್ದು ಮತ್ತು ಕನ್ನಡದಲ್ಲಿ ಐದಾರು ಚಿಕ್ಕ ವಾಕ್ಯಗಳಲ್ಲಿ ಹೋಗುತ್ತದೆ. ಸಭೆಯ ಆರಂಭದಲ್ಲಿ ಅದನ್ನು ಎಲ್ಲರಿಗೂ ಸೇರಿಸಿ ಒಮ್ಮೆ ಗಟ್ಟಿಯಾಗಿ ಓದುತ್ತೇವೆ. ಯಾರೂ ಕೇಳಬೇಕಾಗಿಲ್ಲ, ಯಾರೂ ಕನ್ನಡಕದ ನೆಪ ಹೇಳಬೇಕಾಗಿಲ್ಲ. ಬೇರೆ ಶಾಲೆಗಳ ಶಿಕ್ಷಕ ಮಿತ್ರರೂ ಇದನ್ನು ಮಾಡಿ ನೋಡಬೇಕೆಂದು ವಿನಂತಿಸುತ್ತೇನೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಯಾರಾದರೂ ನಿಮ್ಮ ಮುಂದೆ ಫಾರಂ ಹಿಡಿದು ನಿಂತರೆ, ವಿದ್ಯಾರ್ಥಿಗಳೇ, ಮೊದಲು ಒಂದು ಕುರ್ಚಿ ತೋರಿಸಿ.