ಎರಡನೆಯ ಬಾರಿಯ ವೇಗ



ಡೇಟಾಬೇಸಿನೊಡನೆ ವ್ಯವಹರಿಸುವವರೆಲ್ಲರೂ ಕಂಡ ಸಂಗತಿಯೊಂದಿದೆ. ಒಂದು ಪ್ರಶ್ನೆಗೆ ಮೊದಲ ಬಾರಿ ನಿಧಾನವಾಗಿ ದೊರೆತ ಉತ್ತರ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಕ್ಷಣಾರ್ಧದಲ್ಲಿ ದೊರೆಯುತ್ತದೆ. ಪ್ರಶ್ನೆಯಾಗಲಿ ಯಂತ್ರವಾಗಲಿ ಬದಲಾಗಿಲ್ಲ. ಬದಲಾದದ್ದು ಮಾಹಿತಿ ಇರುವ ಸ್ಥಳ. ಇದನ್ನು ಮರೆತು ಮಾಡಿದ ಅಳತೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ, ಬೇಕಾದ ಭಾಗವು ಸುತ್ತಿ ಬರುವುದಕ್ಕೇ ಸರಾಸರಿ 4 ಮಿಲಿಸೆಕೆಂಡು ಹಿಡಿಯುತ್ತದೆ. ಮೆಮೊರಿಯಿಂದ ಓದಲು ಸುಮಾರು 100 ನ್ಯಾನೊಸೆಕೆಂಡು ಸಾಕು. ಅಂತರ ನಲವತ್ತು ಸಾವಿರ ಪಟ್ಟು! ಇಂದಿನ ಎಸ್‌ಎಸ್‌ಡಿಗಳು ಈ ಕಂದರವನ್ನು ಕಿರಿದಾಗಿಸಿವೆಯೇ ಹೊರತು ಮುಚ್ಚಿಲ್ಲ. ಆದುದರಿಂದ ಲಿನಕ್ಸ್‌ನಂತಹ ಆಪರೇಟಿಂಗ್ ಸಿಸ್ಟಂ, ಒಮ್ಮೆ ಓದಿದ ಕಡತದ ಪುಟಗಳನ್ನು ಬಿಡುವಾಗಿರುವ ಮೆಮೊರಿಯಲ್ಲಿ ಇರಿಸಿಕೊಳ್ಳುತ್ತದೆ. ಉಗ್ರಾಣದ ಬೇಳೆಯನ್ನು ಒಲೆಯ ಪಕ್ಕದ ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳುವ ಜಾಣ್ಮೆಯಿದು. ಇದಕ್ಕೆ ಪೇಜ್ ಕ್ಯಾಶ್ ಎಂದು ಹೆಸರು.

ಡೇಟಾಬೇಸಿಗೂ ತನ್ನದೇ ಡಬ್ಬಿಯುಂಟು. ಯುನಿಕ್ಸ್ ಮೇಲೆ ಇಂಗ್ರೆಸ್ ಡೇಟಾಬೇಸನ್ನು ಕಟ್ಟಿದ ಬರ್ಕ್ಲಿಯ ಮೈಕೆಲ್ ಸ್ಟೋನ್‌ಬ್ರೇಕರ್, 1981ರ ಲೇಖನವೊಂದರಲ್ಲಿ, ಮುಂದೆ ಯಾವ ಪುಟ ಬೇಕೆಂಬುದು ಡೇಟಾಬೇಸಿಗೆ ತಿಳಿದಿರುವಂತೆ ಸಿಸ್ಟಂಗೆ ತಿಳಿದಿರುವುದಿಲ್ಲವೆಂದು ವಾದಿಸಿದರು. ವಿನೋದವೆಂದರೆ, ಅವರೇ ಮುಂದೆ ಆರಂಭಿಸಿದ ಪೋಸ್ಟ್‌ಗ್ರೆಸ್‌ನ ಸಂತಾನವಾದ ಪೋಸ್ಟ್‌ಗ್ರೆಸ್‌ಕ್ಯುಎಲ್ ಇಂದಿಗೂ ಸಿಸ್ಟಂನ ಡಬ್ಬಿಯನ್ನು ಬಹುವಾಗಿ ನೆಚ್ಚಿಕೊಂಡಿದೆ. ಡೇಟಾಬೇಸಿಗೆಂದೇ ಮೀಸಲಾದ ಯಂತ್ರದಲ್ಲಿ ಮೆಮೊರಿಯ ಶೇಕಡಾ 25ರಷ್ಟನ್ನು ಅದರ ಸ್ವಂತ ಸಂಗ್ರಹಕ್ಕೆ ಕೊಟ್ಟು ಪ್ರಾರಂಭಿಸಿರೆಂದು ಅದರ ಕೈಪಿಡಿಯೇ ಸೂಚಿಸುತ್ತದೆ. ಉಳಿದುದರಲ್ಲಿ ಬಹುಭಾಗ ಸಿಸ್ಟಂನ ಪಾಲಿಗೆ. ಒಂದೇ ಪುಟ ಎರಡು ಡಬ್ಬಿಗಳಲ್ಲಿಯೂ ಕುಳಿತು ಸ್ಥಳ ತಿನ್ನುವುದೂ ಉಂಟು.

ಇದರಿಂದ ಎರಡು ಭ್ರಮೆಗಳು ಹುಟ್ಟುತ್ತವೆ. ಪೋಸ್ಟ್‌ಗ್ರೆಸ್‌ಕ್ಯುಎಲ್ ತನ್ನ ವರದಿಯಲ್ಲಿ 'ರೀಡ್' ಎಂದು ತೋರಿಸುವ ಪುಟಗಳೆಲ್ಲ ಡಿಸ್ಕಿನಿಂದಲೇ ಬಂದವೆಂದು ಅರ್ಥವಲ್ಲ. ಅವು ತನ್ನ ಡಬ್ಬಿಯಲ್ಲಿರಲಿಲ್ಲವೆಂದಷ್ಟೇ ಅರ್ಥ. ಎರಡನೆಯದಾಗಿ, ಡೇಟಾಬೇಸನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಅದರ ಡಬ್ಬಿಯೊಂದೇ ಬರಿದಾಗುತ್ತದೆ. ಸಿಸ್ಟಂನದು ತುಂಬಿಯೇ ಇರುತ್ತದೆ. ಇಂತಹ ಸ್ಥಿತಿಯಲ್ಲಿ ಹಳೆಯ ವಿಧಾನವನ್ನು ಮೊದಲೂ ಹೊಸ ಇಂಡೆಕ್ಸನ್ನು ಅನಂತರವೂ ಪರೀಕ್ಷಿಸಿದರೆ, ಕ್ಯಾಶ್‌ನ ಕೀರ್ತಿ ಇಂಡೆಕ್ಸಿಗೆ ಸಲ್ಲುತ್ತದೆ. ಇಡೀ ಯಂತ್ರವೇ ನಿಂತು ಮತ್ತೆ ಚಾಲನೆಗೊಂಡ ದಿನ ಎರಡು ಡಬ್ಬಿಗಳೂ ಬರಿದು. ಅಂದು ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ಕಾಯುವವರು ನಮ್ಮ ಅಂಕಿಅಂಶಗಳನ್ನು ನೋಡಿ ತೃಪ್ತರಾಗಲಾರರು.

ಆದಕಾರಣ ನನ್ನ ಸಲಹೆ ಸರಳವಾದದ್ದು. ಎರಡು ಅಳತೆಗಳನ್ನು ತೆಗೆದುಕೊಳ್ಳಿರಿ: ಯಂತ್ರ ಆಗತಾನೇ ಎದ್ದಾಗ ಒಂದು, ಕ್ಯಾಶ್ ತುಂಬಿದ ಮೇಲೆ ಇನ್ನೊಂದು. ಎರಡನ್ನೂ ಬರೆದಿಡಿರಿ. ನಿತ್ಯ ಬಳಸುವ ಮಾಹಿತಿ ಮೆಮೊರಿಯಲ್ಲಿ ಹಿಡಿಸುವಷ್ಟಿದ್ದರೆ ಎರಡನೆಯ ಅಳತೆ ನಿಮ್ಮ ದಿನನಿತ್ಯದ ಸತ್ಯ. ಹಿಡಿಸದಿದ್ದರೆ ಮೊದಲನೆಯದು ನಿಮ್ಮನ್ನು ಮತ್ತೆ ಮತ್ತೆ ಭೇಟಿಯಾಗುತ್ತದೆ. ವೇಗವನ್ನು ಮೆಚ್ಚುವ ಮುನ್ನ ಅದು ಯಾವ ಡಬ್ಬಿಯಿಂದ ಬಂದಿತೆಂದು ಕೇಳುವುದು ವಿವೇಕ.