ಕ್ಯಾಮೆರಾ ಬಾಡಿಗೆ ಮೇಲೆ ಕಟ್ಟಿದ 90 ಸಾವಿರ ಎಲ್ಲಿ ಹೋಯ್ತು?



ಹೋದ ತಿಂಗಳು ನನ್ನ ಗೆಳೆಯನ ಫೋನ್ ಬಂತು. ಎರಡು ವರ್ಷ ಒದ್ದಾಡಿ ಮಾಡಿದ ಸಿನಿಮಾ, ಅಂತೂ ಅದರ ಹಕ್ಕು ಮಾರಾಟ ಆಗಿತ್ತು. “ಮಗಾ, ನೀನು ಬಿಕಾಂ ಅಲ್ವಾ? ಶೂಟಿಂಗ್‌ನಲ್ಲಿ ಕ್ಯಾಮೆರಾ, ಲೈಟ್ ಬಾಡಿಗೆಗೆ ಜಿಎಸ್‌ಟಿ ಕಟ್ಟಿದ್ದೆ. ಅದನ್ನ ಈಗ ಮುರ್ಕೋಬಹುದಾ?” ಅಂದ. ಬಿಲ್ ಕಳಿಸು ಅಂದೆ. ನೋಡಿದ ಮೇಲೆ ‘ಇಲ್ಲ’ ಅನ್ನೋಕೆ ನನಗೇ ಬಾಯಿ ಬರಲಿಲ್ಲ.

ಲೆಕ್ಕ ಹೀಗಿತ್ತು. ಕ್ಯಾಮೆರಾ, ಲೆನ್ಸ್, ಲೈಟ್, ಜನರೇಟರ್ ಎಲ್ಲಾ ಸೇರಿ ದಿನಕ್ಕೆ 25 ಸಾವಿರ, 20 ದಿನ. ಅಲ್ಲಿಗೆ 5 ಲಕ್ಷ. ಅದರ ಮೇಲೆ ಶೇ 18 ಜಿಎಸ್‌ಟಿ, 90 ಸಾವಿರ. ಜೊತೆಗೆ ಬರೋ ಅಸಿಸ್ಟೆಂಟ್‌ಗಳ ಬಾಟಾ ಬೇರೆ.

ಜಿಎಸ್‌ಟಿ ನೋಂದಣಿ ಇದ್ದಿದ್ರೆ ಈ 90 ಸಾವಿರ ಖರ್ಚೇ ಅಲ್ಲ, ಹೂಡುವಳಿ ತೆರಿಗೆ ಜಮೆಯಾಗಿ ಅವನ ಖಾತೆಯಲ್ಲಿ ಕೂತಿರುತ್ತಿತ್ತು. ಹಕ್ಕು ಮಾರಿದ್ದು ತೆರಿಗೆ ಸೇರಿ 29.5 ಲಕ್ಷಕ್ಕೆ. ಅಂದ್ರೆ 25 ಲಕ್ಷ ಅವನದು, 4.5 ಲಕ್ಷ ಸರ್ಕಾರದ್ದು. ಜಮೆ ಕಳೆದಿದ್ರೆ 3.6 ಲಕ್ಷ ಕಟ್ಟಿ ಮುಗಿಸಬಹುದಿತ್ತು. ಪೂರ್ತಿ 4.5 ಕಟ್ಟಿದ.

ಯಾಕೆ? ಶೂಟಿಂಗ್ ಟೈಮಲ್ಲಿ ಅವನಿಗೆ ಜಿಎಸ್‌ಟಿ ನಂಬರೇ ಇರಲಿಲ್ಲ. “ವಹಿವಾಟು 20 ಲಕ್ಷ ದಾಟಿದ ಮೇಲೆ ತಗೊಂಡ್ರೆ ಸಾಕು” ಅಂತ ಯಾರೋ ಹೇಳಿದ್ರಂತೆ. ತಪ್ಪೇನಲ್ಲ, ಕಡ್ಡಾಯ ಆಗೋದು ಆವಾಗಲೇ. ಆದರೆ ಸ್ವಇಚ್ಛೆಯಿಂದ ಮೊದಲೇ ತಗೋಬಹುದು ಅನ್ನೋದನ್ನ ಯಾರೂ ಹೇಳಲಿಲ್ಲ. ತಡವಾಗಿ ನೋಂದಣಿ ಮಾಡಿಸಿದ್ರೆ, ಆ ದಿನ ನಿಮ್ಮ ಹತ್ರ ದಾಸ್ತಾನು ಇರೋ ಸರಕಿಗೆ ಮಾತ್ರ ಹಳೇ ತೆರಿಗೆಯ ಜಮೆ ಸಿಗುತ್ತೆ. ಕ್ಯಾಮೆರಾ ಬಾಡಿಗೆ ಸರಕಲ್ಲ, ಸೇವೆ. ಬಳಸಿ ಆಯ್ತು, ಮುಗೀತು.

ನಂಬರ್ ತಗೊಂಡ್ರೂ ಪಾಡು ಇದೆ. ವ್ಯವಹಾರವೇ ಇಲ್ಲದ ತಿಂಗಳೂ ರಿಟರ್ನ್ ಹಾಕಬೇಕು, ಮರೆತರೆ ದಿನಕ್ಕೆ 20 ರೂಪಾಯಿ ದಂಡ. ಸಿನಿಮಾ ಮಾರಾಟವೇ ಆಗದಿದ್ರೆ ಆ ಜಮೆ ಸುಮ್ಮನೆ ಕೂತಿರುತ್ತೆ, ನಗದಾಗಿ ಕೈಗೆ ಬರಲ್ಲ. “ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಬಿಡ್ತೀವಿ” ಅನ್ನೋರೂ ಸಿಗ್ತಾರೆ. ಅದು ತೆರಿಗೆಗಳ್ಳತನ. ಮೇಲಾಗಿ ಆ ಬಾಡಿಗೆಯನ್ನ ಖರ್ಚು ಅಂತ ತೋರಿಸೋಕೆ ನಿಮ್ಮ ಕೈಲಿ ಒಂದು ಚೀಟಿಯೂ ಇರಲ್ಲ.

ಹಾಗಾದ್ರೆ ರಾಜ್ಯ ಸರ್ಕಾರ ಏನೂ ಬಿಡಲ್ವಾ? ಬಿಡುತ್ತೆ, ಆದರೆ ಬೇರೆ ಕಡೆ. ಮುಂಚೆ ಕನ್ನಡ ಸಿನಿಮಾಗೆ ಮನರಂಜನಾ ತೆರಿಗೆ ವಿನಾಯಿತಿ ಇತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಅದು ಹೋಯ್ತು. ಈಗ ರಾಜ್ಯದ ಕೈಲಿರೋದು ತನ್ನ ಅರ್ಧ ಪಾಲು ಮಾತ್ರ. 2022ರಲ್ಲಿ ‘777 ಚಾರ್ಲಿ’ಗೆ ಆರು ತಿಂಗಳು ಬಿಟ್ಟುಕೊಟ್ಟಿದ್ದು ಅದನ್ನೇ. ಟಿಕೆಟ್ ಅಗ್ಗ ಆಯ್ತು, ನೋಡೋರಿಗೆ ಒಳ್ಳೇದೇ. ಕ್ಯಾಮೆರಾ ಬಿಲ್‌ಗೆ ಮಾತ್ರ ಅದು ತಟ್ಟಲ್ಲ.

ಸಹಾಯಧನ ಅಂತೀರಾ? ಅದು ಸಿನಿಮಾ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿ ಆರಿಸಿದ ಮೇಲೆ. 2019ರ ರಾಜ್ಯ ಚಲನಚಿತ್ರ ಪ್ರಶಸ್ತಿ ಪ್ರಕಟ ಆಗಿದ್ದು 2025ರ ಜನವರಿಯಲ್ಲಿ. ಪ್ರಶಸ್ತಿ ಬೇರೆ, ಸಹಾಯಧನ ಬೇರೆ, ಒಪ್ತೀನಿ. ಆದ್ರೂ ನಡಿಗೆ ಯಾವ ಥರದ್ದು ಅಂತ ಗೊತ್ತಾಗುತ್ತಲ್ಲ!

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಲೆಕ್ಕ ಶುರುವಾಗೋದೇ ಖರ್ಚಿನಿಂದ. ರಾಜ್ಯದೊಳಗೆ ಮಾಡಿದ ಖರ್ಚಿನ ಶೇ 20, ರಾಜ್ಯದ ಲಾಂಛನ ಹಾಕಿದ್ರೆ ಇನ್ನೂ 10, ತೆರಿಗೆ ಜಮೆಯಾಗಿ ಸಿಗುತ್ತೆ. ಅಲ್ಲಿಯದೇ ಬಾಡಿಗೆ ಅಂಗಡಿಯಿಂದ ಕ್ಯಾಮೆರಾ ತಂದ್ರೆ ಆ ಬಿಲ್ಲೂ ಸೇರುತ್ತೆ. ಕಂಪನಿಗೆ ಅಲ್ಲಿ ತೆರಿಗೆ ಬಾಕಿಯೇ ಇಲ್ಲ ಅಂದ್ರೆ ಆ ಜಮೆಯನ್ನ ಬೇರೆಯವರಿಗೆ ಮಾರಬಹುದು. ಖಜಾನೆಗೆ ಇದು ಹೊರೆ ಅನ್ನೋ ಜಗಳ ಅಲ್ಲೂ ಇದೆ. ಕನಿಷ್ಠ ಖರ್ಚು 5 ಲಕ್ಷ ಡಾಲರ್ ಇರಬೇಕು, ಹಾಗಾಗಿ ನನ್ನ ಗೆಳೆಯನಂಥೋರಿಗೆ ಅಲ್ಲೂ ಬಾಗಿಲು ಮುಚ್ಚಿದೆ.

2025ರ ಮಾರ್ಚ್ ಬಜೆಟ್‌ನಲ್ಲಿ ನಮ್ಮ ರಾಜ್ಯ ಸಿನಿಮಾಗೆ ಉದ್ಯಮದ ಸ್ಥಾನ ಕೊಡ್ತೀವಿ ಅಂತು. ಹಾಗಿದ್ರೆ ಇಲ್ಲಿನ ಅಂಗಡಿಯ ಬಾಡಿಗೆ ಬಿಲ್ ತೋರಿಸಿದ ಸಣ್ಣ ನಿರ್ಮಾಪಕನಿಗೆ ರಾಜ್ಯದ ಪಾಲಿನ ಶೇ 9 ಶೂಟಿಂಗ್ ಮುಗಿದ ತಕ್ಷಣ ವಾಪಸ್ ಕೊಡಲಿ ಅನ್ನೋದು ನನ್ನ ಆಸೆ. ಗೆಳೆಯನ ವಿಷಯದಲ್ಲಿ 45 ಸಾವಿರ, ಅಷ್ಟೇ.

ಅವನು ಎರಡನೇ ಸಿನಿಮಾ ಕಥೆ ಬರೀತಿದ್ದಾನೆ. ಸ್ಕ್ರಿಪ್ಟ್ ಇನ್ನೂ ಅರ್ಧಕ್ಕೇ ನಿಂತಿದೆ, ಜಿಎಸ್‌ಟಿ ನಂಬರ್ ಮಾತ್ರ ರೆಡಿ. ಮುಂದಿನ ವಾರ ಸಿಗೋಣ.